ಸಿಗ್ನಲ್ ಸಿಗದ ಮನೆಯನ್ನೂ ಲೆಕ್ಕಕ್ಕಿಟ್ಟುಕೊಳ್ಳಿ: ಪದವಿ ತರಗತಿಗೆ ತಂತ್ರಜ್ಞಾನ ತರುವ ಬಗೆ

ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಪದವಿ ಕಾಲೇಜುಗಳಲ್ಲಿ ಪ್ರೊಜೆಕ್ಟರ್ ಈಗ ಹೊಸ ವಸ್ತುವಲ್ಲ. ಆದರೆ ಆ ಪರದೆಯ ಮೇಲೆ ಬಹುಪಾಲು ಕಾಣಿಸುವುದು ಪಠ್ಯಪುಸ್ತಕದ ಪುಟಗಳೇ. ಉಪನ್ಯಾಸಕರು ಸ್ಲೈಡ್ ಓದುತ್ತಾರೆ, ವಿದ್ಯಾರ್ಥಿಗಳು ಅದನ್ನೇ ಬರೆದುಕೊಳ್ಳುತ್ತಾರೆ, ಅಷ್ಟು ವ್ಯವಧಾನ ಇಲ್ಲದವರು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿಗೆ ಕಳುಹಿಸುವ ವರದಿಯಲ್ಲಿ ಇದು ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಆಧಾರಿತ ಬೋಧನೆ ಎಂದು ದಾಖಲಾಗುತ್ತದೆ. ಕಲಿಕೆ ಮಾತ್ರ ಇದ್ದಲ್ಲೇ ಇರುತ್ತದೆ.

ಈ ಬರಹ ಅಂಥ ಕಾಲೇಜುಗಳಲ್ಲಿ ಪಾಠ ಮಾಡುವ ಉಪನ್ಯಾಸಕರಿಗೆ, ಅದರಲ್ಲೂ ಕಡಿಮೆ ಸಮಯ ಮತ್ತು ಕಡಿಮೆ ಸೌಲಭ್ಯದಲ್ಲಿ ದುಡಿಯುವ ಅತಿಥಿ ಉಪನ್ಯಾಸಕರಿಗೆ. ನಾನು ಕಲಿಸುವುದು ಅರ್ಥಶಾಸ್ತ್ರ, ಹಾಗಾಗಿ ಉದಾಹರಣೆಗಳು ಅಲ್ಲಿಂದ ಬರುತ್ತವೆ. ಕ್ರಮ ಯಾವ ವಿಷಯಕ್ಕೂ ಹೊಂದುತ್ತದೆ. ಯಾವ ಉಪಕರಣ, ಯಾವ ಆ್ಯಪ್ ಎಂದು ಯೋಚಿಸುವ ಮುನ್ನ ನಿಮ್ಮ ತರಗತಿಯಲ್ಲಿ ಸಿಗ್ನಲ್ ಅತಿ ಕಡಿಮೆ ಇರುವ ಮನೆ ಯಾರದು ಎಂದು ತಿಳಿದುಕೊಳ್ಳಿ. ಆ ವಿದ್ಯಾರ್ಥಿಗೆ ತಲುಪುವ ಪಾಠ ಎಲ್ಲರಿಗೂ ತಲುಪುತ್ತದೆ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಹಳ್ಳಿಯೊಂದರಲ್ಲಿ ರಸ್ತೆ ಬದಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಸುರಿಯುವ ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಕೊರೋನಾ ಕಾಲ ಮುಗಿಯಿತು. ಸುಳ್ಯ, ಬೆಳ್ತಂಗಡಿ, ಹೆಬ್ರಿ, ಬೈಂದೂರಿನ ಘಟ್ಟದ ಬುಡದ ಊರುಗಳಿಂದ ನಮ್ಮ ಕಾಲೇಜುಗಳಿಗೆ ಮಕ್ಕಳು ಈಗಲೂ ಬರುತ್ತಿದ್ದಾರೆ.

1. ಮೊದಲ ವಾರ ಕಾಗದದ ಮೇಲೆ ಕೇಳಿ

ಸೆಮಿಸ್ಟರಿನ ಮೊದಲ ವಾರದಲ್ಲೇ ಅರ್ಧ ಪುಟದ ಪ್ರಶ್ನೆಗಳನ್ನು ಕಾಗದದಲ್ಲಿ ಹಂಚಿ. ಆನ್‌ಲೈನ್ ಫಾರ್ಮ್ ಮಾಡಿದರೆ ಸಂಪರ್ಕ ಇಲ್ಲದವರ ಉತ್ತರವೇ ಬರುವುದಿಲ್ಲ, ಬೇಕಾಗಿರುವುದು ಅವರ ಉತ್ತರವೇ. ಸ್ವಂತ ಮೊಬೈಲ್ ಇದೆಯೇ, ಮನೆಯವರೊಂದಿಗೆ ಹಂಚಿಕೊಳ್ಳುವುದೇ? ಮನೆಯೊಳಗೆ ಸಿಗ್ನಲ್ ಸಿಗುತ್ತದೆಯೇ, ಎಲ್ಲಿಗೆ ಹೋದರೆ ಸಿಗುತ್ತದೆ? ಮಳೆಗಾಲದಲ್ಲಿ ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ? ಕಾಲೇಜಿಗೆ ಬರಲು ಬಸ್ಸಿನಲ್ಲಿ ಎಷ್ಟು ಸಮಯ ಬೇಕು? ಮನೆಗೆ ಹೋದ ಮೇಲೆ ಕೆಲಸಕ್ಕೆ ಹೋಗುವುದಿದೆಯೇ? ಓದಲು, ಕೇಳಲು ಕಣ್ಣಿನ ಅಥವಾ ಕಿವಿಯ ತೊಂದರೆ ಏನಾದರೂ ಇದೆಯೇ?

ಬಸ್ಸಿನ ಪ್ರಶ್ನೆಯನ್ನು ಬಿಡಬೇಡಿ. ಕುಂದಾಪುರದಿಂದ ಉಡುಪಿಗೆ, ಕಾರ್ಕಳ ಅಥವಾ ಮೂಡುಬಿದಿರೆಯಿಂದ ಮಂಗಳೂರಿಗೆ ದಿನವೂ ಓಡಾಡುವವರಿಗೆ ಆ ಪ್ರಯಾಣದ ಹೊತ್ತೇ ಕಿವಿಗೆ ಬಿಡುವಿರುವ ಹೊತ್ತು. ಬಸ್ಸಿನಲ್ಲಿ ನಿಂತುಕೊಂಡು ವಿಡಿಯೊ ನೋಡಲು ಆಗದು, ಆಡಿಯೊ ಕೇಳಬಹುದು. ನಿಮ್ಮ ಮುಂದಿನ ನಿರ್ಧಾರಗಳಲ್ಲಿ ಅರ್ಧದಷ್ಟು ಈ ಕಾಗದಗಳಿಂದಲೇ ಹೊರಡುತ್ತವೆ.

2. ಒಂದು ವಿಷಯದ ಒಂದೇ ಘಟಕ ಆರಿಸಿ

ಇಡೀ ಪಠ್ಯಕ್ರಮವನ್ನು ಒಂದೇ ಸಲ ಡಿಜಿಟಲ್ ಮಾಡಲು ಹೊರಟವರು ಮೊದಲ ಕಿರುಪರೀಕ್ಷೆಯ ಹೊತ್ತಿಗೆ ಸುಸ್ತಾಗುತ್ತಾರೆ. ಒಂದು ಘಟಕ ಸಾಕು. ವಿದ್ಯಾರ್ಥಿಗಳು ವರ್ಷ ವರ್ಷವೂ ಎಡವುವ ಘಟಕ ಯಾವುದೆಂದು ನಿಮಗೆ ಗೊತ್ತಿರುತ್ತದೆ. ಅದನ್ನೇ ಆರಿಸಿ, ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿ: ವಿದ್ಯಾರ್ಥಿ ಒಬ್ಬರೇ ಕುಳಿತು ಓದಿಯೋ ಕೇಳಿಯೋ ಅರ್ಥಮಾಡಿಕೊಳ್ಳಬಹುದಾದದ್ದು ಒಂದು ಕಡೆ, ನೀವು ಎದುರಿಗೆ ಇದ್ದರೆ ಮಾತ್ರ ಬಗೆಹರಿಯುವುದು ಇನ್ನೊಂದು ಕಡೆ. ವ್ಯಾಖ್ಯೆ, ಹಿನ್ನೆಲೆ, ಇಸವಿಗಳು, ಸೂತ್ರದ ಹಂತಗಳು ಮೊದಲ ಪಟ್ಟಿಗೆ ಹೋಗುತ್ತವೆ. ಲೆಕ್ಕ ಬಿಡಿಸುವಾಗಿನ ಗೊಂದಲ, ವಾದ, ಪ್ರಶ್ನೆ ಎರಡನೆಯದಕ್ಕೆ. ತಂತ್ರಜ್ಞಾನಕ್ಕೆ ಮೊದಲ ಪಟ್ಟಿಯನ್ನು ವಹಿಸಿ, ತರಗತಿಯ ಗಂಟೆಯನ್ನು ಎರಡನೆಯದಕ್ಕೆ ಉಳಿಸಿಕೊಳ್ಳಿ.

3. ಎಲ್ಲವೂ ಒಂದೇ ಜಾಗದಲ್ಲಿ ಸಿಗಲಿ

ನೋಟ್ಸ್ ವಾಟ್ಸ್ಆ್ಯಪ್‌ನಲ್ಲಿ, ಅಸೈನ್‌ಮೆಂಟ್ ಮೇಲ್‌ನಲ್ಲಿ, ಅಂಕ ಸೂಚನಾಫಲಕದಲ್ಲಿ ಎಂದಾದರೆ ವಿದ್ಯಾರ್ಥಿಗಳು ಹುಡುಕುವುದರಲ್ಲೇ ಸೋಲುತ್ತಾರೆ. ಪಾಠದ ಸಾಮಗ್ರಿ ಇರುವ ಜಾಗ ಒಂದೇ ಇರಲಿ. ಕಾಲೇಜಿನಲ್ಲಿ ಸರ್ವರ್ ನೋಡಿಕೊಳ್ಳುವವರು ಇದ್ದರೆ ಮೂಡಲ್ ಒಳ್ಳೆಯ ಆಯ್ಕೆ. 2002ರಿಂದ ಬಳಕೆಯಲ್ಲಿರುವ ಮುಕ್ತ ತಂತ್ರಾಂಶ ಇದು, ಪರವಾನಗಿ ಶುಲ್ಕ ಇಲ್ಲ. ಅದರ ಮೊಬೈಲ್ ಆ್ಯಪ್‌ನಲ್ಲಿ ಪಾಠವನ್ನು ಕಾಲೇಜಿನ ವೈಫೈಯಲ್ಲಿ ಇಳಿಸಿಕೊಂಡು ಮನೆಯಲ್ಲಿ ಸಂಪರ್ಕ ಇಲ್ಲದೆಯೂ ಓದಬಹುದು. ಸರ್ವರ್ ನೋಡಿಕೊಳ್ಳುವವರು ಇಲ್ಲದಿದ್ದರೆ ಗೂಗಲ್ ಕ್ಲಾಸ್‌ರೂಮ್ ಸಾಕು.

ವಾಟ್ಸ್ಆ್ಯಪ್ ಗುಂಪನ್ನು ಸೂಚನೆಗೆ ಮಾತ್ರ ಇಟ್ಟುಕೊಳ್ಳಿ. ಜೂನ್, ಜುಲೈ ತಿಂಗಳಲ್ಲಿ ಅದು ಇಲ್ಲದೆ ನಡೆಯುವುದೂ ಇಲ್ಲ: ಬೆಳಿಗ್ಗೆ ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸುತ್ತಾರೆ, ಅದು ಪದವಿ ಕಾಲೇಜಿಗೆ ಅನ್ವಯಿಸುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಬಸ್ ಹತ್ತುವ ಮೊದಲೇ ಬಗೆಹರಿಯಬೇಕು. ಗುಂಪಿನಲ್ಲಿ ನೀವು ಮಾತ್ರ ಬರೆಯುವಂತೆ ವ್ಯವಸ್ಥೆ ಮಾಡಿ. ರಜೆಯ ದಿನಕ್ಕೆಂದು ಒಂದು ಓದನ್ನು ಮುಂಚಿತವಾಗಿಯೇ ವಿದ್ಯಾರ್ಥಿಗಳ ಮೊಬೈಲಿಗೆ ಇಳಿಸಿ ಇಡಿಸಿ. ಗಾಳಿಮಳೆಯ ದಿನ ಆನ್‌ಲೈನ್ ತರಗತಿ ಇಡುವ ಯೋಚನೆಯನ್ನು ಬಿಟ್ಟುಬಿಡಿ. ಕರೆಂಟೂ ಇರುವುದಿಲ್ಲ, ಟವರೂ ಇರುವುದಿಲ್ಲ.

4. ಕನ್ನಡದಲ್ಲಿ ಬರೆದದ್ದು ಕನ್ನಡವಾಗಿಯೇ ಕಾಣಲಿ

ಈ ಹಂತವನ್ನು ಬಹಳ ಕಾಲೇಜುಗಳು ಹಾರಿಸುತ್ತವೆ, ತೊಂದರೆ ಪಡುವುದು ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು. ನಮ್ಮ ಹಳೆಯ ನೋಟ್ಸ್, ಪ್ರಶ್ನೆಪತ್ರಿಕೆಗಳು ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ಆ ಕಡತಗಳ ಒಳಗೆ ನಿಜವಾಗಿ ಇರುವುದು ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು, ಫಾಂಟು ಅವಕ್ಕೆ ಕನ್ನಡದ ಆಕಾರ ತೊಡಿಸಿರುತ್ತದೆ. ಅದೇ ಕಡತ ವಿದ್ಯಾರ್ಥಿಯ ಮೊಬೈಲಿಗೆ ಹೋದಾಗ ಆ ಫಾಂಟು ಅಲ್ಲಿರುವುದಿಲ್ಲ, ಸಾಲು ಸಾಲು ಅರ್ಥವಿಲ್ಲದ ಅಕ್ಷರಗಳು ಮಾತ್ರ ಕಾಣುತ್ತವೆ. ಹುಡುಕಿದರೆ ಸಿಗುವುದಿಲ್ಲ, ಅನುವಾದಕ್ಕೆ ಒಗ್ಗುವುದಿಲ್ಲ, ಓದಿ ಹೇಳುವ ತಂತ್ರಾಂಶಕ್ಕೂ ಅರ್ಥವಾಗುವುದಿಲ್ಲ.

ಪರಿಹಾರ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರು, ಮೊಬೈಲುಗಳೂ ಒಂದೇ ರೀತಿ ಗುರುತಿಸುವ ಅಕ್ಷರ ಸಂಕೇತ. ನುಡಿ, ಬರಹ ಎರಡರಲ್ಲೂ ಯೂನಿಕೋಡ್ ಆಯ್ಕೆ ಇದೆ, ಅದನ್ನು ಒಮ್ಮೆ ಹೊಂದಿಸಿಕೊಂಡರೆ ಬೆರಳುಗಳ ಅಭ್ಯಾಸ ಬದಲಾಗಬೇಕಿಲ್ಲ. ಹಳೆಯ ಕಡತಗಳನ್ನು ಪರಿವರ್ತಕದಿಂದ ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಒಂದು ಸಲ ಕಣ್ಣಾಡಿಸಿ ತಿದ್ದಿ, ತಪ್ಪುಗಳು ಹೆಚ್ಚಾಗಿ ಉಳಿಯುವುದು ಅಲ್ಲೇ. ನುಡಿಯಲ್ಲಿ ನಾವೆಲ್ಲ ಬಳಸುವ ಕೀಲಿಮಣೆ ವಿನ್ಯಾಸದ ಮೂಲ ನಮ್ಮ ಜಿಲ್ಲೆಯದೇ: ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ್ದು. ಅವರು ಬರೆದ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟಿದ್ದರು. ಅಷ್ಟು ಹಿಂದೆಯೇ ಕರಾವಳಿಯವರೊಬ್ಬರು ಕಂಪ್ಯೂಟರಿಗೆ ಕನ್ನಡ ಕಲಿಸಿರುವಾಗ ನಮ್ಮ ನೋಟ್ಸ್ ಇಂದಿಗೂ ಮೊಬೈಲಿನಲ್ಲಿ ಓದಲು ಬಾರದಂತಿರುವುದು ನನಗೆ ಬೇಸರದ ಸಂಗತಿ.

ಪುಸ್ತಕದ ಪುಟಗಳನ್ನು ಫೋಟೊ ತೆಗೆದು ಪಿಡಿಎಫ್ ಮಾಡಿ ಕಳುಹಿಸುವ ರೂಢಿಯೂ ಇಂಥದ್ದೇ. ಅದು ಚಿತ್ರ, ಅಕ್ಷರವಲ್ಲ. ದೃಷ್ಟಿದೋಷ ಇರುವ ವಿದ್ಯಾರ್ಥಿಗೆ ಅದರಿಂದ ಏನೂ ಸಿಗದು. ಗೂಗಲ್ ಡಾಕ್ಸ್‌ನಲ್ಲಿ ಆ ಚಿತ್ರವನ್ನು ತೆರೆದರೆ ಕನ್ನಡ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುತ್ತದೆ, ಅದನ್ನು ತಿದ್ದಿ ಹಂಚಿ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಓದಿ ಹೇಳುತ್ತದೆ. ಕಾಲೇಜಿನ ಗ್ರಂಥಾಲಯದ ಒಂದು ಕಂಪ್ಯೂಟರಿನಲ್ಲಾದರೂ ಅದು ಇರಬೇಕು.

5. ಹತ್ತು ನಿಮಿಷದ ದನಿ

ಸ್ಟುಡಿಯೊ, ಕ್ಯಾಮೆರಾ ಯಾವುದೂ ಬೇಡ. ಮೊಬೈಲಿನ ರೆಕಾರ್ಡರ್ ಸಾಕು. ಒಂದು ಪರಿಕಲ್ಪನೆಗೆ ಒಂದು ಆಡಿಯೊ, ಹತ್ತು ನಿಮಿಷದೊಳಗೆ. ಸೆಕೆಂಡಿಗೆ 32 ಕಿಲೋಬಿಟ್ ದರದಲ್ಲಿ ದಾಖಲಿಸಿದ ಹತ್ತು ನಿಮಿಷದ ಮಾತು ಸುಮಾರು 2.4 ಎಂಬಿ ಮಾತ್ರ. ಒಂದು ಗಂಟೆಯ ವಿಡಿಯೊ, ಸಾಧಾರಣ ಗುಣಮಟ್ಟದ್ದಾದರೂ, 450 ಎಂಬಿಯಷ್ಟು ಆಗಬಹುದು. ಈ ಎರಡು ಅಂಕಿಗಳ ನಡುವಿನ ಅಂತರವೇ ಘಟ್ಟದ ಬುಡದ ವಿದ್ಯಾರ್ಥಿ ಪಾಠ ಕೇಳುವನೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ.

ಹೆಂಚಿನ ಮಾಡಿನ ಕೋಣೆಯಲ್ಲಿ ಮಳೆ ಬರುವಾಗ ದಾಖಲಿಸಬೇಡಿ, ಮಾತು ಕೇಳದು. ರಾತ್ರಿ ಹೊತ್ತು, ಕಪಾಟು, ಬಟ್ಟೆಬರೆ ಇರುವ ಸಣ್ಣ ಕೋಣೆ ಒಳ್ಳೆಯದು, ಗೋಡೆಯ ಪ್ರತಿಧ್ವನಿ ಕಡಿಮೆ. ಬರೆದಿಟ್ಟುಕೊಂಡು ಓದಬೇಡಿ. ನಾಲ್ಕು ಮುಖ್ಯ ಅಂಶಗಳನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡು, ತರಗತಿಯಲ್ಲಿ ಮಾತನಾಡುವ ಹಾಗೆಯೇ ಮಾತನಾಡಿ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿ, ಉತ್ತರ ಹೇಳಬೇಡಿ. ಮರುದಿನದ ತರಗತಿ ಆ ಪ್ರಶ್ನೆಯಿಂದಲೇ ಶುರುವಾಗಲಿ. ಆಡಿಯೊ ಕೇಳದವರಿಗೆ ಅದನ್ನೇ ಮತ್ತೆ ಪೂರ್ತಿ ಪಾಠ ಮಾಡಲು ಹೋದರೆ ಮುಂದಿನ ಸಲ ಯಾರೂ ಕೇಳುವುದಿಲ್ಲ.

ನಕ್ಷೆ, ರೇಖಾಚಿತ್ರ ಬೇಕಾದಲ್ಲಿ ಮಾತ್ರ ವಿಡಿಯೊ ಮಾಡಿ, ಅದರ ಜೊತೆಗೆ ಒಂದು ಪುಟದ ಚಿತ್ರವನ್ನೂ ಕೊಡಿ.

6. ಈಗಾಗಲೇ ಇರುವುದನ್ನು ಬಳಸಿ

ಎಲ್ಲವನ್ನೂ ನೀವೇ ತಯಾರಿಸಬೇಕಿಲ್ಲ. ಐಐಟಿಗಳು ಮತ್ತು ಭಾರತೀಯ ವಿಜ್ಞಾನ ಸಂಸ್ಥೆ 2003ರಲ್ಲಿ ಆರಂಭಿಸಿದ ವಿಡಿಯೊ ಪಾಠಗಳ ಯೋಜನೆ ಎನ್‌ಪಿಟಿಇಎಲ್, 2017ರ ಜುಲೈ 9ರಂದು ಶುರುವಾದ ಕೇಂದ್ರ ಸರಕಾರದ ಆನ್‌ಲೈನ್ ಕೋರ್ಸುಗಳ ತಾಣ ಸ್ವಯಂ, ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಎಲ್ಲವೂ ಕಲಿಯಲು ಉಚಿತ. ಸ್ವಯಂ ಕೋರ್ಸುಗಳನ್ನು ಪದವಿಯ ಕ್ರೆಡಿಟ್‌ಗೆ ಸೇರಿಸಿಕೊಳ್ಳಲೂ ಅವಕಾಶ ಇದೆ. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ. 40ರವರೆಗೆ ಹೀಗೆ ಕಲಿಯಬಹುದು. ಆದರೆ ಅದನ್ನು ಒಪ್ಪಬೇಕಾದದ್ದು ನಿಮ್ಮ ವಿಶ್ವವಿದ್ಯಾನಿಲಯ. ವಿದ್ಯಾರ್ಥಿ ಪರೀಕ್ಷೆಗೆ ಹಣ ಕಟ್ಟುವ ಮೊದಲೇ ಪ್ರಾಂಶುಪಾಲರ ಮೂಲಕ ಲಿಖಿತವಾಗಿ ವಿಚಾರಿಸಿಕೊಳ್ಳಿ.

ವಿಜ್ಞಾನ ವಿಭಾಗದವರು ವರ್ಚುವಲ್ ಲ್ಯಾಬ್ಸ್ ಯೋಜನೆಯನ್ನು ನೋಡಲೇಬೇಕು. ಅದನ್ನು ಕಟ್ಟಿದ ಸಂಸ್ಥೆಗಳಲ್ಲಿ ನಮ್ಮ ಸುರತ್ಕಲ್‌ನ ಎನ್‌ಐಟಿಕೆ ಕೂಡ ಒಂದು. ನಿಜವಾದ ಪ್ರಯೋಗದ ಬದಲಿಗೆ ಬಳಸಬೇಡಿ. ಪ್ರಯೋಗಾಲಯಕ್ಕೆ ಹೋಗುವ ಹಿಂದಿನ ದಿನ ಒಮ್ಮೆ ಪರದೆಯ ಮೇಲೆ ಮಾಡಿ ನೋಡಿದ ವಿದ್ಯಾರ್ಥಿ ಮರುದಿನ ಉಪಕರಣದ ಮುಂದೆ ತಡಬಡಾಯಿಸುವುದಿಲ್ಲ. ತಂತ್ರಾಂಶ ಕಲಿಸಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಇದೆ, ಹಲವು ಪಾಠಗಳಿಗೆ ಕನ್ನಡ ದನಿಯೂ ಇದೆ.

ಸಂಶೋಧನಾ ಲೇಖನಗಳ ವಿಷಯದಲ್ಲಿ ಸರಕಾರಿ ಕಾಲೇಜಿಗೂ ಅನುದಾನಿತ ಕಾಲೇಜಿಗೂ ದಾರಿ ಬೇರೆ. 2025ರ ಜನವರಿಯಲ್ಲಿ ಜಾರಿಗೆ ಬಂದ ಒಂದು ರಾಷ್ಟ್ರ ಒಂದು ಚಂದಾ ಯೋಜನೆ ಸರಕಾರಿ ಸಂಸ್ಥೆಗಳಿಗೆ ಸುಮಾರು 13,000 ನಿಯತಕಾಲಿಕಗಳನ್ನು ತೆರೆದಿದೆ. ಅನುದಾನಿತ ಕಾಲೇಜುಗಳವರು, ಕಾಲೇಜುಗಳಿಗೆ ಇ-ಪುಸ್ತಕ, ನಿಯತಕಾಲಿಕಗಳನ್ನು ಒದಗಿಸುವ ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಸದಸ್ಯತ್ವ ಇದೆಯೇ ಎಂದು ಗ್ರಂಥಪಾಲಕರನ್ನು ಕೇಳಿ. ಸದಸ್ಯತ್ವ ಇದ್ದೂ ಪಾಸ್‌ವರ್ಡ್ ಯಾರ ಕೈಗೂ ಸಿಗದೆ ವರ್ಷ ಕಳೆಯುವ ಕಾಲೇಜುಗಳಿವೆ. ಶೋಧಗಂಗಾ ಎಂಬ ಜಾಲತಾಣದಲ್ಲಿರುವ ಪಿಎಚ್‌ಡಿ ಪ್ರಬಂಧಗಳನ್ನು ಯಾರು ಬೇಕಾದರೂ ಓದಬಹುದು.

ಕನ್ನಡ ವಿಭಾಗದವರಿಗೆ ಒಂದು ಮಾತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಟಪುಟವಾಗಿ ಸಿಗುತ್ತದೆ. ಬಿ.ಎ. ತರಗತಿಯಲ್ಲಿ ಆ ಪುಟವನ್ನೇ ಪರದೆಗೆ ತಂದು ಒಂದು ನಮೂದು ಹೇಗೆ ಕಟ್ಟಲ್ಪಟ್ಟಿದೆ ಎಂದು ತೋರಿಸಿ. ಪ್ರೊಜೆಕ್ಟರ್ ಇರುವುದು ಇಂಥ ಕೆಲಸಕ್ಕೆ.

7. ವಿದ್ಯಾರ್ಥಿಗಳೇ ಮಾಹಿತಿ ಕಟ್ಟಲಿ

ಇಲ್ಲಿಯವರೆಗಿನದು ಪಾಠವನ್ನು ತಲುಪಿಸುವ ಕೆಲಸ. ತಂತ್ರಜ್ಞಾನದ ನಿಜವಾದ ಬಲ ಗೊತ್ತಾಗುವುದು ವಿದ್ಯಾರ್ಥಿಗಳು ಅದರಿಂದ ಏನನ್ನಾದರೂ ತಾವೇ ಕಂಡುಕೊಂಡಾಗ. ಬೇಡಿಕೆ, ಪೂರೈಕೆ, ಬದಲಿ ವಸ್ತುಗಳ ಪಾಠಕ್ಕೆ ನಮ್ಮ ಊರಿಗಿಂತ ಒಳ್ಳೆಯ ಪ್ರಯೋಗಶಾಲೆ ಇನ್ನೊಂದಿಲ್ಲ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮಲ್ಪೆ ಬಂದರಿನಲ್ಲೂ ಮಂಗಳೂರಿನ ದಕ್ಕೆಯಲ್ಲೂ ಬೋಟುಗಳು ಲಂಗರು ಹಾಕಿರುತ್ತವೆ. ನಾಡದೋಣಿಯ ಮೀನು ಮತ್ತು ಹೊರಗಿನಿಂದ ಬರುವ ಮೀನು ಮಾತ್ರ ಮಾರುಕಟ್ಟೆಯಲ್ಲಿರುತ್ತದೆ. ಆಗಸ್ಟ್‌ನಲ್ಲಿ ಬೋಟುಗಳು ಹೊರಟ ಮೇಲೆ ದರ ಹೇಗೆ ಚಲಿಸುತ್ತದೆ?

ಐದಾರು ವಿದ್ಯಾರ್ಥಿಗಳ ತಂಡ ಮಾಡಿ, ಪ್ರತಿಯೊಬ್ಬರೂ ತಮ್ಮ ಊರಿನ ಮಾರುಕಟ್ಟೆಯಿಂದ ವಾರಕ್ಕೊಮ್ಮೆ ಬಂಗುಡೆ, ಬೂತಾಯಿ, ಅಂಜಲ್ ಮೀನುಗಳ ದರ ತರಲಿ. ಕೋಳಿ, ಮೊಟ್ಟೆ, ಒಣಮೀನಿನ ದರವೂ ಬೇಕು, ಬದಲಿ ವಸ್ತು ಅಲ್ಲೇ ಇರುವುದು. ಮೀನು ತಿನ್ನದ ಮನೆಯವರು ತರಕಾರಿ ದರ ತರಲಿ. ಮಾರುವವರ ಬಳಿ ದರ ಕೇಳುವಾಗ ಯಾಕೆ ಎಂದು ಮೊದಲು ಹೇಳಿ, ವ್ಯಾಪಾರದ ಗಡಿಬಿಡಿಯ ಹೊತ್ತಲ್ಲಿ ಕೇಳಬೇಡಿ ಎಂದು ತಿಳಿಸಿ ಕಳುಹಿಸಿ.

ದರವನ್ನು ಅಲ್ಲಿ ಪುಸ್ತಕದಲ್ಲಿ ಬರೆದುಕೊಂಡು, ಕಾಲೇಜಿಗೆ ಬಂದ ಮೇಲೆ ಗೂಗಲ್ ಫಾರ್ಮ್‌ನಲ್ಲಿ ತುಂಬಿಸಬೇಕು. ಫಾರ್ಮ್ ಮಾಡುವಾಗ ಮೀನಿನ ಹೆಸರನ್ನು ಟೈಪ್ ಮಾಡಲು ಬಿಡಬೇಡಿ, ಪಟ್ಟಿಯಿಂದ ಆರಿಸುವಂತೆ ಇಡಿ. ಬಿಟ್ಟರೆ ಬಂಗುಡೆ, ಬಂಗ್ಡೆ, ಬಂಗಡೆ ಎಂದು ಮೂರು ಮೀನುಗಳು ಹುಟ್ಟಿಕೊಳ್ಳುತ್ತವೆ, ಸರಾಸರಿ ತೆಗೆಯಲಾಗದು. ಅಳತೆಯ ಗೊಂದಲ ಇನ್ನೂ ದೊಡ್ಡದು. ಅಂಜಲ್ ಕಿಲೋ ಲೆಕ್ಕದಲ್ಲಿ ಸಿಗುತ್ತದೆ, ಬಂಗುಡೆಯನ್ನು ಹಲವೆಡೆ ನೂರು ರೂಪಾಯಿಗೆ ಇಷ್ಟು ಎಂದು ಎಣಿಸಿ ಕೊಡುತ್ತಾರೆ. ಕೊಟ್ಟ ಹಣ, ಎಣಿಕೆ, ಸಾಧ್ಯವಾದರೆ ತೂಕ ಎಂದು ಮೂರು ಬೇರೆ ಕಲಂಗಳು ಇರಲಿ. ಆದರೆ ಈ ಕಲಂಗಳನ್ನು ಮೊದಲೇ ನೀವೇ ಸಿದ್ಧಮಾಡಿ ಕೊಡಬೇಡಿ. ಮೊದಲ ವಾರ ವಿದ್ಯಾರ್ಥಿಗಳು ತಂದ ಒಟ್ಟಿಗೆ ಕೂಡದ ಮಾಹಿತಿಯನ್ನು ಪರದೆಯ ಮೇಲೆ ತೋರಿಸಿ, ಇದನ್ನು ಹೋಲಿಸುವುದು ಹೇಗೆ ಎಂದು ಕೇಳಿ. ಸಂಖ್ಯಾಶಾಸ್ತ್ರದ ಒಂದು ಇಡೀ ಅಧ್ಯಾಯ ಆ ಚರ್ಚೆಯಲ್ಲೇ ಮುಗಿಯುತ್ತದೆ.

ಫಾರ್ಮ್‌ಗೆ ಬಂದ ಮಾಹಿತಿ ತಾನಾಗಿ ಸ್ಪ್ರೆಡ್‌ಶೀಟ್‌ಗೆ ಸೇರುತ್ತದೆ. ಅದನ್ನು ಇಳಿಸಿಕೊಂಡು ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ತೆರೆದರೆ ಮುಂದಿನ ಕೆಲಸಕ್ಕೆ ಇಂಟರ್ನೆಟ್ ಬೇಡ. ಮಾಹಿತಿಯನ್ನು ಗುಂಪು ಮಾಡಿ ಸಾರಾಂಶ ತೋರಿಸುವ ಪಿವಟ್ ಟೇಬಲ್‌ನಲ್ಲಿ ವಾರ ಅಡ್ಡಸಾಲು, ಮೀನು ಕಂಬಸಾಲು, ದರದ ಸರಾಸರಿ ನಡುವೆ. ಅದರಿಂದ ರೇಖಾನಕ್ಷೆ. ಕಡಲತೀರದ ಗಂಗೊಳ್ಳಿಯ ದರಕ್ಕೂ ಒಳನಾಡಿನ ಕಾರ್ಕಳದ ದರಕ್ಕೂ ವ್ಯತ್ಯಾಸ ಕಂಡರೆ ಸಾಗಾಟದ ವೆಚ್ಚದ ಮಾತು ತಾನಾಗಿ ಬರುತ್ತದೆ.

ಇಲ್ಲಿ ಉಪನ್ಯಾಸಕರು ಎಚ್ಚರವಾಗಿರಬೇಕಾದ ಒಂದು ತಿರುವು ಇದೆ. ದರ ಒಂದರಿಂದಲೇ ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು, ಅಂದರೆ ದರ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದನ್ನು, ಲೆಕ್ಕ ಹಾಕಲು ಬರುವುದಿಲ್ಲ, ಎಷ್ಟು ಕೊಂಡರು ಎಂಬುದೂ ಬೇಕು. ವಿದ್ಯಾರ್ಥಿಗಳು ನಕ್ಷೆ ನೋಡಿದ ಕೂಡಲೇ ಸೂತ್ರಕ್ಕೆ ಕೈ ಹಾಕುತ್ತಾರೆ. ಬಿಡಿ, ಹಾಕಲಿ. ಪ್ರಮಾಣದ ಕಲಂ ಖಾಲಿ ಇದೆಯೆಂದು ಅವರಿಗೇ ಗೊತ್ತಾದಾಗ, ದರ ಏರಿದ ವಾರ ನಿಮ್ಮ ಮನೆಯಲ್ಲಿ ಮೀನು ಎಷ್ಟು ತಂದಿರಿ, ಬದಲಿಗೆ ಏನು ತಂದಿರಿ ಎಂಬ ಎರಡನೇ ಸುತ್ತಿನ ಪ್ರಶ್ನೆಗಳನ್ನು ಅವರೇ ಬರೆಯುತ್ತಾರೆ. ಇಂಥ ಹೊತ್ತಿಗಾಗಿಯೇ ನಾನು ಈ ಎಲ್ಲ ಸಿದ್ಧತೆ ಮಾಡಿಕೊಳ್ಳುವುದು.

ನಿಮ್ಮ ವಿಷಯಕ್ಕೆ ಹೊಂದುವಂಥದ್ದು ನಿಮ್ಮ ಸುತ್ತಲೇ ಇರುತ್ತದೆ. ಸಸ್ಯಶಾಸ್ತ್ರದವರು ಕಾಲೇಜು ಆವರಣದ ಗಿಡಗಳ ಫೋಟೊ, ಸ್ಥಳ, ಹೂಬಿಡುವ ತಿಂಗಳು ದಾಖಲಿಸಬಹುದು. ಭಾಷಾ ವಿಭಾಗದವರು 2016ರಿಂದ ಇರುವ ತುಳು ವಿಕಿಪೀಡಿಯಕ್ಕೋ ಕನ್ನಡ ವಿಕಿಪೀಡಿಯಕ್ಕೋ ವಿದ್ಯಾರ್ಥಿಗಳಿಂದ ಲೇಖನ ಬರೆಸಬಹುದು.

8. ಮೌಲ್ಯಮಾಪನ ಮತ್ತು ಕೃತಕ ಬುದ್ಧಿಮತ್ತೆ

ಐದು ಪ್ರಶ್ನೆಗಳ ಕಿರುರಸಪ್ರಶ್ನೆಯನ್ನು ಫಾರ್ಮ್‌ನಲ್ಲೋ ಮೂಡಲ್‌ನಲ್ಲೋ ಇಡಿ, ತಂತ್ರಾಂಶವೇ ತಿದ್ದುತ್ತದೆ. ಯಾವ ಪ್ರಶ್ನೆಗೆ ಹೆಚ್ಚು ಮಂದಿ ತಪ್ಪಿದ್ದಾರೆ ಎಂದು ತರಗತಿಗೆ ಹೋಗುವ ಮೊದಲು ನೋಡಿ. ಅಂಕ ಕೊಡಲು ಇದನ್ನು ಬಳಸಬೇಡಿ, ಸಂಪರ್ಕ ಕಡಿದುಹೋದ ವಿದ್ಯಾರ್ಥಿಗೆ ಅನ್ಯಾಯವಾಗುತ್ತದೆ.

ಆಂತರಿಕ ಅಂಕದ ಅಸೈನ್‌ಮೆಂಟ್ ಈಗ ತೊಡಕಿನದು. ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂದ ಮೇಲೆ ಬೇಡಿಕೆಯ ನಿಯಮವನ್ನು ವಿವರಿಸಿ ಎಂಬಂಥ ಪ್ರಶ್ನೆಗೆ ಅರ್ಥವೇ ಉಳಿದಿಲ್ಲ. ಪತ್ತೆ ಹಚ್ಚುವ ತಂತ್ರಾಂಶಗಳನ್ನು ನಂಬಿ ಯಾರ ಅಂಕವನ್ನೂ ಕಡಿಯಬೇಡಿ, ಅವು ಸ್ವಂತವಾಗಿ ಬರೆದವರನ್ನೂ ತಪ್ಪಿತಸ್ಥರನ್ನಾಗಿಸುತ್ತವೆ. ಪ್ರಶ್ನೆಯನ್ನೇ ಬದಲಿಸಿ. ತಾವು ತಂದ ದರದ ಮಾಹಿತಿಯ ಮೇಲೆ ಒಂದು ಪುಟ ಬರೆಯಲಿ, ಆಮೇಲೆ ಎರಡು ನಿಮಿಷ ನಿಮ್ಮೆದುರು ಕುಳಿತು ಅದರ ಬಗ್ಗೆ ಮಾತನಾಡಲಿ. ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಮಾತನಾಡಲಿ, ನಿಮಗೆ ಅರ್ಥವಾಗುವ ಯಾವ ಭಾಷೆಯಾದರೂ ಸರಿ. ಬರೆದವರು ಯಾರೆಂದು ಆ ಎರಡು ನಿಮಿಷ ಹೇಳುತ್ತದೆ. ಕೃತಕ ಬುದ್ಧಿಮತ್ತೆಯನ್ನು ಮುಚ್ಚಿಡುವ ಬದಲು ತರಗತಿಯಲ್ಲೇ ತೆರೆಯಿರಿ. ಮಲ್ಪೆಯ ಮೀನಿನ ದರ ಕೇಳಿ, ಬಂದ ಉತ್ತರವನ್ನು ವಿದ್ಯಾರ್ಥಿಗಳ ಸ್ಪ್ರೆಡ್‌ಶೀಟ್‌ನೊಂದಿಗೆ ಹೋಲಿಸಿ.

9. ಸೆಮಿಸ್ಟರ್ ಮುಗಿದಾಗ

ವಿದ್ಯಾರ್ಥಿಗಳ ಹೆಸರು, ಮೊಬೈಲ್ ಸಂಖ್ಯೆ, ಅಂಕ ಇರುವ ಕಡತ ಲಿಂಕ್ ಸಿಕ್ಕವರಿಗೆಲ್ಲ ತೆರೆಯುವಂತೆ ಇದೆಯೇ ಎಂದು ಪರೀಕ್ಷಿಸಿ, ಇದ್ದರೆ ಇಂದೇ ಮುಚ್ಚಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂಥ ಮಾಹಿತಿಯನ್ನು ಹೊಣೆಯಿಂದ ನೋಡಿಕೊಳ್ಳಬೇಕೆಂದು ಹೇಳುತ್ತದೆ. ಕಾಯ್ದೆ ಇರದಿದ್ದರೂ, ನಮ್ಮ ಹೆಣ್ಣುಮಕ್ಕಳ ಮೊಬೈಲ್ ಸಂಖ್ಯೆ ಯಾರ ಕೈಗೋ ಹೋಗಬಾರದೆಂಬುದು ನಮ್ಮ ಜವಾಬ್ದಾರಿ. ಅಂಕಗಳನ್ನು ಗುಂಪಿನಲ್ಲಿ ಹಾಕಬೇಡಿ, ಒಬ್ಬೊಬ್ಬರಿಗೆ ಬೇರೆಯಾಗಿ ತಿಳಿಸಿ.

ಪಾಠಕ್ಕಾಗಿ ಪುಸ್ತಕದ ಭಾಗಗಳನ್ನು ತರಗತಿಯೊಳಗೆ ಹಂಚಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ, ದೆಹಲಿ ಹೈಕೋರ್ಟ್ 2016ರ ತೀರ್ಪಿನಲ್ಲಿ ಅದನ್ನು ಎತ್ತಿಹಿಡಿದಿದೆ. ಅದೇ ಪುಟಗಳನ್ನು ಎಲ್ಲರಿಗೂ ಕಾಣುವಂತೆ ಯೂಟ್ಯೂಬ್‌ಗೆ ಹಾಕುವುದು ಬೇರೆಯೇ ಸಂಗತಿ. ನಿಮ್ಮದೇ ಆಡಿಯೊ, ನೋಟ್ಸ್‌ಗಳಿಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಸೂಚಿಸಿದರೆ ಪಕ್ಕದ ಕಾಲೇಜಿನವರೂ ಅಳುಕಿಲ್ಲದೆ ಬಳಸಬಹುದು.

ಕೊನೆಯ ತರಗತಿಯಲ್ಲಿ ಮೊದಲ ವಾರದ ಹಾಗೆಯೇ ಮತ್ತೊಂದು ಕಾಗದ ಹಂಚಿ: ಯಾವ ಆಡಿಯೊ ತೆರೆಯಲೇ ಇಲ್ಲ, ಯಾಕೆ? ಉತ್ತರ ನೋಡಿ ಕೈಬಿಡುವುದನ್ನು ಕೈಬಿಡಿ, ಮುಂದಿನ ಸೆಮಿಸ್ಟರಿಗೆ ಎರಡನೇ ಘಟಕ ಆರಿಸಿ. ಎಲ್ಲ ಕಡತಗಳ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ, ಒಳಗೆ ಏನಿದೆ ಎಂಬ ಒಂದು ಪುಟದ ವಿವರದೊಂದಿಗೆ ವಿಭಾಗದ ಮುಖ್ಯಸ್ಥರಿಗೆ ಕೊಡಿ. ಮುಂದಿನ ವರ್ಷ ಆ ಪಾಠ ಮಾಡಲು ಬೇರೊಬ್ಬ ಅತಿಥಿ ಉಪನ್ಯಾಸಕರು ಬಂದರೆ ಅವರು ಮತ್ತೆ ಮೊದಲಿನಿಂದ ಶುರುಮಾಡಬೇಕಾಗಿಲ್ಲ.